ಕೊಡುವ ಕೈಗೆ ಒಂದು ಉಡುಗೊರೆ



ಇವತ್ತಿನ ನನ್ನ ಮಾತು ಒಂದು ಸಣ್ಣ ಪ್ರಶ್ನೆಯ ಸುತ್ತ ಇದೆ. ವೃದ್ಧಾಶ್ರಮದಲ್ಲಿರುವ ನಮ್ಮ ಆಯಿಯ ಹುಟ್ಟುಹಬ್ಬ ಬಂತು. ಅಥವಾ ಮುತ್ಯಾನದು, ಸೋದರತ್ತೆಯದು, ಕಾಕಾನದು. ಏನು ಒಯ್ಯಬೇಕು?

ಮಹಾಗಾಂವದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಸಿಗುವ ಊರು ಅದು. ಸುತ್ತ ತೊಗರಿ, ಜೋಳ, ಕಡಲೆಯ ಹೊಲಗಳು. ಆ ಮನೆಯ ದೊಡ್ಡ ಮಗ ಪುಣೆಯಲ್ಲಿ ದುಡಿಯುತ್ತಾನೆ. ಸಣ್ಣವನು ಹೈದರಾಬಾದಿನಲ್ಲಿದ್ದಾನೆ. ಮಗಳದು ಕಲಬುರಗಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ತಾಯಿಗೆ ಎಂಬತ್ತು ದಾಟಿದೆ. ಒಬ್ಬಳೇ ಒಲೆ ಹಚ್ಚುವ ಶಕ್ತಿ ಉಳಿದಿಲ್ಲ. ಮಕ್ಕಳು ಕೂತು ಮಾತಾಡಿ, ನಗರದ ಒಂದು ಆಶ್ರಮಕ್ಕೆ ಸೇರಿಸಿದ್ದಾರೆ. ಇಂಥ ಮನೆಗಳು ಈಗ ನಮ್ಮಲ್ಲಿ ವಿರಳವಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಜನ ಇದ್ದರು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು. ಆ ಸಂಖ್ಯೆ ಅಲ್ಲಿಂದ ಬೆಳೆಯುತ್ತಲೇ ಇದೆ.

ಆಶ್ರಮಕ್ಕೆ ಸೇರಿಸಿದ್ದು ಸರಿಯೋ ತಪ್ಪೋ ಎಂಬ ವಾದ ಇವತ್ತಿನದಲ್ಲ. ಪ್ರತಿ ಮನೆಗೂ ಅದರದೇ ಕಷ್ಟ ಇರುತ್ತದೆ. ಸೇರಿಸಿದ ಮೇಲೆ ಸಂಬಂಧವನ್ನು ಹೇಗೆ ಉಳಿಸಿಕೊಳ್ಳುತ್ತೇವೆ ಎಂಬುದು ಇವತ್ತಿನ ಮಾತು. ಹುಟ್ಟುಹಬ್ಬದ ಉಡುಗೊರೆ ಅದಕ್ಕೆ ಒಂದು ದಾರಿ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಶ್ರಮಕ್ಕೆ ಹೋದ ಹಿರಿಯರು ಮನೆ ಬಿಟ್ಟಿರುತ್ತಾರೆ, ಊರು ಬಿಟ್ಟಿರುತ್ತಾರೆ. ಅದಕ್ಕಿಂತ ದೊಡ್ಡದೊಂದನ್ನೂ ಬಿಟ್ಟಿರುತ್ತಾರೆ. ಅದು ಕೊಡುವ ಅಧಿಕಾರ. ಜೀವನವಿಡೀ ನೀಡಿ, ಬಡಿಸಿ, ಉಡಿ ತುಂಬಿ, ಆಯೇರಿ ಮಾಡಿ ಬಂದ ಕೈ ಅದು. ಆಶ್ರಮದಲ್ಲಿ ಆ ಕೈಗೆ ಬರೀ ತೆಗೆದುಕೊಳ್ಳುವ ಕೆಲಸ ಉಳಿಯುತ್ತದೆ. ಊಟ ಕೊಟ್ಟಾಗ ತೆಗೆದುಕೊಳ್ಳಬೇಕು. ಚಹಾ ಬಂದಾಗ ಕುಡಿಯಬೇಕು. ದೀಪ ಆರಿಸಿದಾಗ ಮಲಗಬೇಕು. ಹಾಗಾಗಿ ಅವರನ್ನು ಮತ್ತೆ ಆಯ್ಕೆ ಮಾಡುವವರನ್ನಾಗಿ, ಮತ್ತೆ ಕೊಡುವವರನ್ನಾಗಿ ಮಾಡುವ ಉಡುಗೊರೆಯೇ ಒಳ್ಳೆಯ ಉಡುಗೊರೆ. ಮುಂದಿನ ಮಾತೆಲ್ಲ ಇದರ ವಿವರ.

ಮೊದಲು ದಿನದ ವಿಚಾರ.

ಹುಟ್ಟುಹಬ್ಬ ಎಂದೆವು. ಯಾವ ದಿನ? ನಮ್ಮ ಭಾಗದ ಹಿರಿಯರ ಕಾಗದಪತ್ರ ತೆರೆದು ನೋಡಿ. ಬಹಳ ಜನರ ಹುಟ್ಟಿದ ದಿನ ಜೂನ್ 1 ಎಂದೇ ಇರುತ್ತದೆ. ಅದು ತೊಟ್ಟಿಲ ದಿನವಲ್ಲ, ಸಾಲಿಗೆ ಹೆಸರು ಹಚ್ಚಿದ ದಿನ. ಸಾಲಿ ಶುರುವಾಗುವುದು ಜೂನಿನಲ್ಲಿ. ಮಾಸ್ತರರು ಹುಡುಗನ ಎತ್ತರ ನೋಡಿ ವಯಸ್ಸು ಅಂದಾಜು ಮಾಡಿ, ಜೂನ್ 1 ಎಂದು ಬರೆದುಕೊಂಡರು. ಸಾಲಿಯನ್ನೇ ಕಾಣದ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಅವರ ಆಧಾರ್ ಕಾರ್ಡಿನಲ್ಲಿ ಹಲವು ಸಲ ಜನವರಿ 1 ಎಂದು ಕಾಣುತ್ತದೆ.

ಆದರೆ ಹಿರಿಯರಿಗೆ ಅವರದೇ ಲೆಕ್ಕ ಇದೆ. "ರಜಾಕಾರರ ಗದ್ದಲದಾಗ ನಾ ಕೈಗೂಸು ಇದ್ದೆ" ಎನ್ನುತ್ತಾರೆ. ಆ ಗದ್ದಲ ಅಡಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಅಂದರೆ ಆ ಕೂಸಿಗೆ ಈಗ ಎಂಬತ್ತರ ಆಸುಪಾಸು. "ಪಂಚಮಿ ಹಬ್ಬದ ಮುಂದ ಹುಟ್ಟೀನಂತ" ಎನ್ನುತ್ತಾರೆ ಇನ್ನೊಬ್ಬರು. "ಎಳ್ಳ ಅಮಾಸಿಗಿ ಚರಗ ಚೆಲ್ಲಿ ಬಂದ ರಾತ್ರಿ" ಎನ್ನುತ್ತಾರೆ ಮತ್ತೊಬ್ಬರು. ಇದು ಕಾಗದದ ತಾರೀಖಿಗಿಂತ ನಿಜವಾದ ಹುಟ್ಟುಹಬ್ಬ.

ಆದ್ದರಿಂದ ಮೊದಲ ಉಡುಗೊರೆಗೆ ದುಡ್ಡು ಬೇಕಿಲ್ಲ. ಹೋಗಿ ಕೇಳಿ. "ಆಯಿ, ನೀ ಹುಟ್ಟಿದ್ದು ಯಾವಾಗ? ನಿಮ್ಮವ್ವ ಏನ್ ಹೇಳ್ತಿದ್ಳು?" ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅವರು ಯಾವ ದಿನ ಬೇಕೆನ್ನುತ್ತಾರೋ ಆ ದಿನವೇ ಹುಟ್ಟುಹಬ್ಬ ಮಾಡಿ. ಕಾಗದದ ದಿನವನ್ನು ಬದಿಗಿಟ್ಟು ಅವರ ದಿನವನ್ನು ಒಪ್ಪಿಕೊಂಡರೆ, ಅಲ್ಲಿಗೇ ಅವರ ಮಾತಿಗೆ ಬೆಲೆ ಬಂತು.

ದಿನದ ಮಾತು ಆಯಿತು. ಅವರಿಂದಲೇ ಕೇಳಿ ದಿನ ಗೊತ್ತು ಮಾಡಿದೆವು. ಈಗ ಅಂಗಡಿಗೆ ಹೋಗುವ ಮೊದಲಿನ ಕೆಲಸ.

"ನಿನಗ ಏನ್ ಬೇಕು?" ಎಂದು ಕೇಳಿದರೆ ನಮ್ಮ ಹಿರಿಯರ ಉತ್ತರ ಒಂದೇ. "ನನಗೇನ್ ಬ್ಯಾಡಪ್ಪ, ನೀವು ಛಂದ ಇರ್ರಿ." ಆ ಉತ್ತರವನ್ನು ನಂಬಿ ಸುಮ್ಮನಾಗಬೇಡಿ. ಅದು ಸಂಕೋಚದ ಮಾತು. ಮಕ್ಕಳಿಗೆ ಖರ್ಚು ಆಗಬಾರದು ಎಂಬ ಮಾತು. ಪ್ರಶ್ನೆಯನ್ನು ಬದಲಿಸಿ ಕೇಳಿ. "ಹಸಿರು ಸೀರಿ ತರ್ಲೋ, ನೀಲಿ ತರ್ಲೋ?" "ರಾತ್ರಿ ಥಂಡಿ ಆಗ್ತದೋ, ಸೆಖಿ ಆಗ್ತದೋ?" "ಬಾಜೂಕಿನ ಕಾಟಿನವ್ರು ಏನ್ ಕೇಳ್ತಾರ?" ಹೀಗೆ ಕೇಳಿದರೆ ಬೇಕಾದದ್ದು ತಾನಾಗಿ ಹೊರಗೆ ಬರುತ್ತದೆ.

ಎರಡನೆಯದಾಗಿ, ಅಲ್ಲಿ ನೋಡಿಕೊಳ್ಳುವವರನ್ನು ಕೇಳಿ. ನಿತ್ಯ ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ ಹೆಣ್ಣುಮಗಳಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಯಾವ ತೋಳು ಮೇಲಕ್ಕೆ ಏಳುವುದಿಲ್ಲ, ಯಾವ ಹಲ್ಲು ನೋಯುತ್ತದೆ, ಡಾಕ್ಟರು ಏನು ಬೇಡವೆಂದಿದ್ದಾರೆ, ಎಲ್ಲ ಅವರ ಬಾಯಲ್ಲಿರುತ್ತದೆ.

ಮೂರನೆಯದಾಗಿ, ಅವರಿಗೆ ಇರುವ ಜಾಗವನ್ನು ನೋಡಿ. ಸಾಮಾನ್ಯವಾಗಿ ಒಂದು ಮಂಚ, ಒಂದು ಸಣ್ಣ ಕಪಾಟು, ಗೋಡೆಯ ಮೇಲೆ ಒಂದು ಮೊಳೆ. ಪಕ್ಕದಲ್ಲಿ ಇನ್ನೊಬ್ಬರ ಮಂಚ. ಅಷ್ಟರಲ್ಲಿ ಹಿಡಿಸುವ ವಸ್ತುವೇ ಬೇಕು. ದೊಡ್ಡ ಡಬ್ಬಿಯಲ್ಲಿ ಬಂದ ಭಾರೀ ವಸ್ತು ಕಚೇರಿಯ ಅಟ್ಟಕ್ಕೆ ಹೋಗಿ ಕೂರುತ್ತದೆ. ಬೆಲೆಬಾಳುವ ಬಂಗಾರ, ಹೆಚ್ಚಿನ ರೊಕ್ಕ ಕೊಟ್ಟರೆ ಅವರ ನಿದ್ದೆ ಕೆಡುತ್ತದೆ. ಕಾಯುವ ಚಿಂತೆ ಅವರದಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ದಿನವನ್ನು ಅವರಿಂದ ಕೇಳಿ. ಬೇಕಾದದ್ದನ್ನು ಆಯ್ಕೆಯ ರೂಪದಲ್ಲಿ ಕೇಳಿ. ನೋಡಿಕೊಳ್ಳುವವರನ್ನು ಕೇಳಿ. ಜಾಗ ನೋಡಿ. ಈಗ ವಸ್ತುಗಳ ಮಾತಿಗೆ ಬರೋಣ. ಮೊದಲು ಮೈಗೆ ಆಸರೆಯಾಗುವ ವಸ್ತುಗಳು.

ಕಿವಿಯಿಂದ ಶುರು ಮಾಡುತ್ತೇನೆ. ಎಷ್ಟೋ ಹಿರಿಯರ ಬಳಿ ಕಿವಿಯ ಯಂತ್ರ ಇರುತ್ತದೆ, ಆದರೆ ಅದು ಡಬ್ಬಿಯಲ್ಲಿ ಮಲಗಿರುತ್ತದೆ. ಕಾರಣ ಬ್ಯಾಟರಿ ಮುಗಿದಿರುತ್ತದೆ, ಅಷ್ಟೇ. ಆ ಬ್ಯಾಟರಿ ಅಂಗಿಯ ಗುಂಡಿಗಿಂತ ಸಣ್ಣದು. ದಿನವೂ ಹಾಕಿಕೊಂಡರೆ ಒಂದೆರಡು ವಾರ ಬರುತ್ತದೆ. ಅದರ ಬೆನ್ನಿಗೆ ಬಣ್ಣದ ಒಂದು ಚೀಟಿ ಅಂಟಿರುತ್ತದೆ. ಹಳದಿ, ಕಂದು, ಕಿತ್ತಳೆ, ನೀಲಿ, ಹೀಗೆ ಅಳತೆಗೊಂದು ಬಣ್ಣ. ಆ ಚೀಟಿ ಕಿತ್ತ ಮೇಲೆ ಗಾಳಿ ತಾಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಆಯಿಯ ಯಂತ್ರಕ್ಕೆ ಯಾವ ಬಣ್ಣದ್ದು ಎಂದು ತಿಳಿದುಕೊಳ್ಳಿ. ಆರು ತಿಂಗಳಿಗೆ ಆಗುವಷ್ಟು ಕೊಂಡು, ನೋಡಿಕೊಳ್ಳುವವರ ಕೈಗೆ ಕೊಡಿ. ಗುಳಿಗೆ ಎಂದು ತಿಳಿದು ಯಾರಾದರೂ ನುಂಗುವ ಅಪಾಯ ಇದೆ, ಮಂಚದ ಬಳಿ ಬಿಡಬೇಡಿ. ಈ ಉಡುಗೊರೆಗೆ ಮಿರುಗುವ ಹಾಳೆ ಸುತ್ತಬೇಕಿಲ್ಲ. ಇದರಿಂದ ಪಕ್ಕದವರ ಮಾತು ಕೇಳುತ್ತದೆ. ಮೊಮ್ಮಗನ ಫೋನು ಕೇಳುತ್ತದೆ. ಕೇಳಿದವರು ಉತ್ತರ ಕೊಡುತ್ತಾರೆ. ಉತ್ತರ ಕೊಡುವವರು ಒಂಟಿಯಾಗುವುದಿಲ್ಲ.

ಕೋಲಿನ ಮಾತು. ಊರುಗೋಲು ಒಯ್ಯುವುದಾದರೆ ಅಳತೆ ನೋಡಿ. ಹಿರಿಯರು ನೇರ ನಿಂತು ಕೈ ಕೆಳಗೆ ಬಿಟ್ಟಾಗ, ಕೋಲಿನ ಹಿಡಿ ಅವರ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕೋಲು ಈಗಾಗಲೇ ಇದ್ದರೆ ಅದರ ತುದಿಯ ರಬ್ಬರು ನೋಡಿ. ಸವೆದಿದ್ದರೆ ಹೊಸದು ಹಾಕಿಸಿ. ಸವೆದ ರಬ್ಬರು ಹಸಿ ನೆಲದ ಮೇಲೆ ಜಾರುತ್ತದೆ. ಚಪ್ಪಲಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರಲಿ, ಅಡಿಯಲ್ಲಿ ಗೆರೆಗಳಿರಲಿ. ಅಳತೆಯನ್ನು ಸಂಜೆ ತೆಗೆದುಕೊಳ್ಳಿ. ಸಂಜೆಗೆ ಕಾಲು ಬಾತಿರುತ್ತದೆ.

ಬಟ್ಟೆಯ ಮಾತು. ನಮ್ಮದು ಬಿಸಿಲ ನಾಡು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ದಿನಗಳು ನಮಗೆ ಹೊಸದಲ್ಲ. ಮೆತ್ತನೆಯ ಹತ್ತಿಯ ಬಟ್ಟೆಯೇ ಮೇಲು. ತೋಳು ಏಳದವರಿಗೆ ಮುಂದೆ ಗುಂಡಿ ಇರುವ ಅಂಗಿ ಬೇಕು. ಮುತ್ಯಾ ಜೀವನವಿಡೀ ಧೋತರ, ನೆಹರೂ ಶರ್ಟು, ಬಿಳಿ ಟೋಪಿ ತೊಟ್ಟವರಾಗಿದ್ದರೆ ಅದನ್ನೇ ಒಯ್ಯಿರಿ. ಧೋತರ ಉಡಲು ಈಗ ಕೈಲಾಗದಿದ್ದರೆ ಟೋಪಿಯಾದರೂ ಹೊಸದಿರಲಿ. ಆಶ್ರಮದಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುತ್ತಾರೆ. ಬಟ್ಟೆ ಅದಲುಬದಲಾಗುವುದು ಹಿರಿಯರಿಗೆ ದೊಡ್ಡ ನೋವು. ಆದ್ದರಿಂದ ಒಳಗಡೆ ಅಂಚಿಗೆ ಅವರ ಹೆಸರನ್ನು ದಾರದಿಂದ ಹೊಲಿಸಿ. ತನ್ನ ಹೆಸರಿನ ಸೀರೆ ತನಗೇ ಮರಳಿ ಬಂತೆಂದರೆ, ಆ ದೊಡ್ಡ ಕೋಣೆಯಲ್ಲಿ ತನ್ನದು ಎನ್ನುವುದೊಂದು ಉಳಿಯಿತು.

ಕನ್ನಡಕ, ಹಲ್ಲಿನ ಸೆಟ್ಟು, ಗಾಲಿಕುರ್ಚಿ ದುಬಾರಿ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಇವನ್ನು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಶಿಬಿರ ಯಾವಾಗ ಎಂದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೊಳ್ಳಲಾಗದ ಮೊಮ್ಮಗ ಆ ಶಿಬಿರಕ್ಕೆ ಕೈಹಿಡಿದು ಕರೆದೊಯ್ದರೆ, ಅದೂ ಹುಟ್ಟುಹಬ್ಬದ ಉಡುಗೊರೆಯೇ.

ಮೈಗೆ ಆಸರೆಯಾಗುವ ವಸ್ತುಗಳ ಮಾತು ಮುಗಿಯಿತು. ಬ್ಯಾಟರಿ, ಕೋಲಿನ ರಬ್ಬರು, ಹೆಸರು ಹೊಲಿದ ಬಟ್ಟೆ. ಇವು ಅವರನ್ನು ತಮ್ಮ ಕಾಲ ಮೇಲೆ ನಿಲ್ಲಿಸುತ್ತವೆ. ಈಗ ಮನಸ್ಸಿಗೆ ಆಸರೆಯಾಗುವ ವಸ್ತುಗಳು.

ನಮ್ಮ ಭಾಗದಲ್ಲಿ ಕೌದಿಯನ್ನು ಅರಿಯದ ಮನೆಯಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದ ಸಾಲು ಸಾಲಾಗಿ ಟಾಕು ಹಾಕಿ ಹೊಲಿಯುವ ಹೊದಿಕೆ ಅದು. ಆಶ್ರಮಕ್ಕೆ ಪೂರ್ತಿ ಕೌದಿ ಭಾರ. ಒಗೆಯುವುದೂ ಕಷ್ಟ. ಸಣ್ಣದೊಂದು ಹೊಲಿಸಿ. ಮೊಣಕಾಲು ಮುಚ್ಚುವಷ್ಟು ಸಾಕು. ಅದರ ತುಂಡುಗಳನ್ನು ಆರಿಸಿ ತನ್ನಿ. ಮಗಳ ಮದುವೆಯ ಸೀರೆಯದೊಂದು, ಸತ್ತ ಗಂಡನ ರುಮಾಲಿನದೊಂದು, ಮೊಮ್ಮಗಳ ಲಂಗದ್ದೊಂದು. ಹೊಲಿಯುವ ಮೊದಲು ತುಂಡುಗಳನ್ನು ಅವರ ಮುಂದೆ ಹರವಿ ಕೇಳಿ. "ಯಾವ್ದು ನಡುವ ಇರ್ಲಿ?" ಕಣ್ಣು ಮಂದವಾಗಿದ್ದರೂ ಬೆರಳಿಗೆ ಇಳಕಲ್ ಸೆರಗಿನ ಗುರುತು ಸಿಗುತ್ತದೆ. ನೆನಪು ಮಾಸಿದವರಿಗೂ ಬಟ್ಟೆಯ ಸ್ಪರ್ಶ, ವಾಸನೆ ಹಳೆಯದನ್ನು ಎತ್ತಿ ಕೊಡಬಲ್ಲವು.

ಫೋಟೋ ಒಯ್ಯುವುದಾದರೆ ದೊಡ್ಡದಾಗಿ ತೆಗೆಸಿ. ಗಾಜಿನ ಚೌಕಟ್ಟು ಬೇಡ. ಯಾರು ಯಾರು ಎಂಬುದನ್ನು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿ. ಓದುವ ಅಕ್ಷರ ಯಾವುದು ಎಂಬುದನ್ನೂ ಯೋಚಿಸಿ. ನಿಜಾಮರ ಕಾಲದ ಸಾಲಿಯಲ್ಲಿ ಕಲಿತ ನಮ್ಮ ಕೆಲ ಹಿರಿಯರಿಗೆ ಉರ್ದುವೇ ಸಲೀಸು. ಕೆಲವರಿಗೆ ಮರಾಠಿ. ನೆನಪಿನ ತೊಂದರೆ ಇದ್ದವರಿಗೆ ಇವತ್ತಿನ ಫೋಟೋಕ್ಕಿಂತ ಅವರ ಪ್ರಾಯದ ಕಾಲದ ಫೋಟೋ ಹೆಚ್ಚು ಮಾತಾಡಿಸುತ್ತದೆ. ಅಂಥವರ ಎದುರು ಕೂತು "ನಾ ಯಾರು ಹೇಳು ನೋಡೂಣು" ಎಂದು ಪರೀಕ್ಷೆ ಮಾಡಬೇಡಿ. "ಆಯಿ, ನಾ ನಿನ್ನ ಮಗಳ ಮಗ ಬಂದೀನಿ" ಎಂದು ನೀವೇ ಹೇಳಿಬಿಡಿ. ಅವರ ಮರ್ಯಾದೆ ಉಳಿಯುತ್ತದೆ.

ರೇಡಿಯೋದ ಮಾತನ್ನು ರೇಡಿಯೋದಲ್ಲೇ ಹೇಳುವುದು ಸ್ವಂತದ ಹೊಗಳಿಕೆ ಎನಿಸಬಾರದು. ಕಲಬುರಗಿ ಆಕಾಶವಾಣಿ 1966ರಿಂದ ಈ ಭಾಗದ ಮಾತನ್ನು ಬಿತ್ತರಿಸುತ್ತಿದೆ. ಹೊಲದ ಬದುವಿನ ಮೇಲೆ, ಕಟ್ಟೆಯ ಮೇಲೆ ಅದನ್ನು ಕೇಳಿ ಬೆಳೆದವರೇ ಇವತ್ತಿನ ಹಿರಿಯರು. ಕಣ್ಣು ಮಂದವಾದವರಿಗೆ, ಮಂಚದಿಂದ ಏಳಲಾಗದವರಿಗೆ ರೇಡಿಯೋ ತಮ್ಮದೇ ಆಯ್ಕೆಯ ಜೊತೆ. ಟೀವಿ ಎಲ್ಲರದು, ಗುಂಡಿ ಇನ್ಯಾರದೋ ಕೈಯಲ್ಲಿರುತ್ತದೆ. ರೇಡಿಯೋದ ಗುಂಡಿ ಅವರ ಕೈಯಲ್ಲೇ ಇರುತ್ತದೆ. ದೊಡ್ಡ ಗುಂಡಿಗಳಿರುವುದನ್ನು ಕೊಳ್ಳಿ. ಕೇಂದ್ರ ಸಿಗುವ ಜಾಗಕ್ಕೆ ಬಣ್ಣದ ಗುರುತು ಹಚ್ಚಿ ಕೊಡಿ. ಪಕ್ಕದವರ ನಿದ್ದೆ ಕೆಡದಂತೆ ಕಿವಿಗೆ ಹಾಕುವ ತಂತಿಯೂ ಇರಲಿ.

ದೇವರ ಸಂಗತಿಯನ್ನೂ ಮರೆಯಬೇಡಿ. ಒಬ್ಬರಿಗೆ ಹೊಸ ಶಿವದಾರ ಮತ್ತು ವಿಭೂತಿ. ಇನ್ನೊಬ್ಬರಿಗೆ ತಸಬಿ. ಮತ್ತೊಬ್ಬರಿಗೆ ಬುದ್ಧ ವಿಹಾರಕ್ಕೆ ಒಂದು ಸಂಜೆ ಕರೆದೊಯ್ಯುವುದು. ಹುಟ್ಟುಹಬ್ಬದ ನೆಪದಲ್ಲಿ ಶರಣಬಸವೇಶ್ವರರ ಗುಡಿಗೋ, ಬಂದೇನವಾಜರ ದರ್ಗಾಕ್ಕೋ ಒಂದು ತಾಸು ಹೊರಗೆ ಕರೆದುಕೊಂಡು ಹೋಗಿ ಬನ್ನಿ. ಆಶ್ರಮದವರಿಗೆ ಮೊದಲೇ ತಿಳಿಸಿ. ಬಿಸಿಲು ಇಳಿದ ಮೇಲೆ ಹೊರಡಿ.

ಕೌದಿ, ಫೋಟೋ, ರೇಡಿಯೋ, ಗುಡಿಯ ದಾರಿ. ಇವು ಮನಸ್ಸಿನ ಆಸರೆಗಳು ಎಂದೆವು. ಇನ್ನು ತಿನಿಸಿನ ಮಾತು.

ಹುಟ್ಟುಹಬ್ಬ ಎಂದರೆ ಈಗ ಕೇಕು. ಕೇಕು ತರಬೇಡಿ ಎಂದು ಹೇಳಲಾರೆ. ಆದರೆ ಮೊದಲು ಅವರ ನಾಲಿಗೆಯ ಊರನ್ನು ನೆನೆಯಿರಿ. ಪುಂಡಿ ಪಲ್ಯ, ಜೋಳದ ನುಚ್ಚು, ತುಪ್ಪ ಹಾಕಿದ ಮಾಲ್ದಿ, ಮೆತ್ತಗಿನ ಹೂರಣದ ಹೋಳಿಗೆ, ಎಳ್ಳ ಅಮಾವಾಸ್ಯೆಯ ಭಜ್ಜಿ. ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಆಗದು, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರೆ ಆದೀತು. ಶೇಂಗಾ ಹಿಂಡಿಯನ್ನು ನುಣ್ಣಗೆ ಕುಟ್ಟಿಸಿ, ಒಂದು ಚಮಚ ತುಪ್ಪದಲ್ಲಿ ಕಲಸಿ ಕೊಡಿ. ಕಮಲಾಪುರದ ಕೆಂಪು ಬಾಳೆಹಣ್ಣು ನಮ್ಮ ನೆಲದ ಹೆಮ್ಮೆ. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಹಣ್ಣು ಅದು. ಸಾದಾ ಬಾಳೆಗಿಂತ ಬೆಲೆ ಹೆಚ್ಚು, ಆದರೆ ತಿರುಳು ಬೆಣ್ಣೆಯಷ್ಟು ಮೆತ್ತಗೆ. ಮಹಾಗಾಂವದ ಕಡೆಯ ಹಿರಿಯರಿಗೆ ಅದರ ಒಂದು ತುಂಡು ಊರನ್ನೇ ಬಾಯಿಗೆ ತರುತ್ತದೆ.

ಇಲ್ಲೊಂದು ಎಚ್ಚರ. ಸಕ್ಕರೆ ಕಾಯಿಲೆ ಇದ್ದವರಿಗೆ ಎಷ್ಟು ಕೊಡಬಹುದು ಎಂದು ಕೇಳಿಯೇ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಬಾಳೆಹಣ್ಣು ಆಗಿಬರದಿರಬಹುದು. ನುಂಗಲು ಕಷ್ಟಪಡುವವರಿಗೆ ಒಣ ತಿಂಡಿ ಗಂಟಲಿಗೆ ಸಿಕ್ಕುತ್ತದೆ. ಕದ್ದುಮುಚ್ಚಿ ಏನನ್ನೂ ಕೊಡಬೇಡಿ. ಕೊಟ್ಟದ್ದನ್ನು ನೋಡಿಕೊಳ್ಳುವವರಿಗೆ ತಿಳಿಸಿ.

ಇನ್ನೊಂದು ಮಾತು. ತಿನಿಸು ಒಯ್ದರೆ ಒಬ್ಬರಿಗೆ ಮಾತ್ರ ಒಯ್ಯಬೇಡಿ. ಆ ಕೋಣೆಯ ಎಲ್ಲರಿಗೂ ಆಗುವಷ್ಟು ಒಯ್ಯಿರಿ. ಹಂಚುವವರು ನೀವಾಗಬೇಡಿ. ತಟ್ಟೆಯನ್ನು ಆಯಿಯ ಕೈಗೆ ಕೊಡಿ. ಅವರಿಗೆ ನಡೆಯಲಾಗದಿದ್ದರೆ ಗಾಲಿಕುರ್ಚಿ ತಳ್ಳಿಕೊಂಡು ಮಂಚದಿಂದ ಮಂಚಕ್ಕೆ ಹೋಗಿ. "ತಗೊಳ್ರಿ ಯವ್ವಾ, ನನ್ನ ಮೊಮ್ಮಗ ತಂದಾನ" ಎಂದು ಅವರೇ ಹೇಳಲಿ.

ಇದರೊಂದಿಗೆ ನಾವು ಇವತ್ತಿನ ಮಾತಿನ ನಡುಗಂಬಕ್ಕೆ ಬಂದೆವು. ದಿನ, ಪ್ರಶ್ನೆ, ವಸ್ತು, ತಿನಿಸು ಎಲ್ಲವನ್ನೂ ನೋಡಿದೆವು. ಎಲ್ಲದರಲ್ಲೂ ಒಂದೇ ಎಳೆ. ಅವರು ಆರಿಸಲಿ, ಅವರು ಕೊಡಲಿ.

ಕಲಬುರಗಿ ದಾಸೋಹದ ಊರು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಗೆ ಬಂದು ನೆಲೆಸಿದ ಶರಣಬಸವೇಶ್ವರರನ್ನು ಜನ ಎರಡು ಶತಮಾನಗಳಿಂದ ನೆನೆಯುವುದು ಅವರು ನೀಡಿದ ಅನ್ನಕ್ಕಾಗಿ. ಹೊಲದ ತೆನೆಗೆ ಬಂದ ಹಕ್ಕಿಗಳನ್ನೂ ಓಡಿಸದೆ, ಅವಕ್ಕೆ ನೀರಿಟ್ಟರು ಎಂಬ ಕಥೆಯನ್ನು ನಮ್ಮ ಅಜ್ಜಿಯಂದಿರು ಹೇಳುತ್ತಾರೆ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಅವರ ತೇರಿನ ದಿನ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಂಥ ಊರಿನ ಹಿರಿಯರು ನಮ್ಮವರು. ಕೊಡುವುದೇ ದೊಡ್ಡತನ ಎಂದು ನಂಬಿ ಬದುಕಿದವರು. ಅವರ ಕೈಯನ್ನು ಬರಿದು ಮಾಡಿ, ಆ ಕೈಗೆ ನಾವು ಎಷ್ಟು ವಸ್ತು ತುಂಬಿದರೂ ಅವರ ಮನಸ್ಸು ತುಂಬುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಒಂದು ಸಣ್ಣ ಡಬ್ಬಿಯಲ್ಲಿ ಕಲ್ಲುಸಕ್ಕರೆ, ಬತ್ತಾಸು ತುಂಬಿಸಿ ಕೊಡಿ. ನೋಡಲು ಬರುವ ಮಕ್ಕಳ ಕೈಗೆ ಅವರು ಹಾಕಲಿ. ಹತ್ತು ರೂಪಾಯಿಯ ಒಂದಿಷ್ಟು ಹೊಸ ನೋಟು ಕೊಡಿ. ಕಾಲಿಗೆ ಬಿದ್ದ ಮರಿಮೊಮ್ಮಗನಿಗೆ ಅವರು ಕೊಡಲಿ. ನಾಲ್ಕು ಕುಬಸದ ಕಣ, ಒಂದಿಷ್ಟು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ ಒಯ್ಯಿರಿ. ಮಗಳು ಹೊರಡುವಾಗ ತಾಯಿಯೇ ಅವಳ ಉಡಿ ತುಂಬಲಿ. ತವರುಮನೆ ಇಲ್ಲವಾಯಿತು ಎಂದು ಕೊರಗುವ ಮಗಳಿಗೆ ಆ ಮಂಚದ ಬದಿಯೇ ತವರಾಗುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗಂಡ ತೀರಿದವರು ಉಡಿ ತುಂಬಬಾರದು, ಅವರಿಗೂ ತುಂಬಬಾರದು ಎಂಬ ರೂಢಿ ನಮ್ಮಲ್ಲಿ ಇನ್ನೂ ಇದೆ. ಆಶ್ರಮಗಳಲ್ಲಿರುವ ಅನೇಕ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡವರು. ಬಸವಣ್ಣನವರ ಕಲ್ಯಾಣ ನಮಗೆ ಎರಡು ತಾಸಿನ ದಾರಿ. ಆ ನೆಲದ ಮಕ್ಕಳು ನಾವು. ಹೆತ್ತು ಸಾಕಿದ ತಾಯಿಯ ಹರಕೆಗೆ ಯಾವ ಮೈಲಿಗೆ? ಅವರ ಕೈಯಿಂದಲೇ ಉಡಿ ತುಂಬಿಸಿಕೊಳ್ಳಿ. ಅವರ ಉಡಿಯನ್ನೂ ತುಂಬಿರಿ. ಈ ರೂಢಿ ಆಶ್ರಮದ ಹೊಸ್ತಿಲಿನಲ್ಲೇ ಮುರಿಯಲಿ.

ಕೊಡಲು ವಸ್ತುವೇ ಬೇಕೆಂದಿಲ್ಲ. ಅವರ ಬಾಯಲ್ಲಿ ಬೀಸುವ ಕಲ್ಲಿನ ಪದಗಳಿವೆ, ಹಂತಿಯ ಪದಗಳಿವೆ. ಬಾಣಂತಿಯ ಉಪಚಾರ, ಬಿತ್ತನೆಯ ಮಳೆಯ ಲೆಕ್ಕ, ಹಿಂಡಿ ಕುಟ್ಟುವ ಹದ ಇವೆ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಮೊದಲು ಅವರ ಒಪ್ಪಿಗೆ ಕೇಳಿ. "ಆಯಿ, ಇದನ್ನ ನನಗ ಕಲಿಸು" ಎಂದು ಕೂತರೆ, ಕಲಿಸುವವರ ಸ್ಥಾನ ಅವರಿಗೆ ಮರಳಿ ಸಿಕ್ಕಿತು. ಮೊಮ್ಮಗಳ ಮದುವೆಯ ಸೀರೆಯ ಬಣ್ಣವನ್ನು, ಹುಟ್ಟಿದ ಕೂಸಿನ ಹೆಸರನ್ನು ಅವರನ್ನು ಕೇಳಿ ಗೊತ್ತು ಮಾಡಿ.

ಹಿರಿಯರನ್ನು ಕೊಡುವವರನ್ನಾಗಿ ಉಳಿಸೋಣ ಎಂದೆ. ಈಗ ನಮ್ಮ ಊರಿನ ಒಂದು ರೂಢಿಯ ಬಗ್ಗೆ ಕಾಳಜಿಯಿಂದ ಎರಡು ಮಾತು.

ತಮ್ಮ ಹುಟ್ಟುಹಬ್ಬವನ್ನು, ನಾಯಕರ ಹುಟ್ಟುಹಬ್ಬವನ್ನು ವೃದ್ಧಾಶ್ರಮದಲ್ಲಿ ಹಣ್ಣು ಹಂಚಿ ಆಚರಿಸುವವರು ಬಹಳ ಜನ ಇದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಹಿರಿಯರನ್ನು ಸಾಲಾಗಿ ಕೂರಿಸಿ, ಕೈಗೆ ಹಣ್ಣಿಟ್ಟು ಫೋಟೋ ತೆಗೆಯುವಾಗ ಅವರ ಮುಖವನ್ನು ಒಮ್ಮೆ ನೋಡಿ. ಅವರೂ ಒಂದು ಕಾಲಕ್ಕೆ ಊರಿಗೆ ಅನ್ನ ಇಕ್ಕಿದವರಿರಬಹುದು. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಹಂಚಿ ಹೊರಡುವ ಬದಲು ಪಂಕ್ತಿಯಲ್ಲಿ ಅವರ ಪಕ್ಕ ಕೂತು ಉಣ್ಣಿರಿ. ಯಾವ ದಿನ, ಏನು ಬೇಕು ಎಂದು ಆಶ್ರಮದವರನ್ನು ಮೊದಲೇ ಕೇಳಿ. ಮಕ್ಕಳೇ ಇಲ್ಲದ, ಯಾರೂ ಬಾರದ ಒಬ್ಬ ಹಿರಿಯರು ಅಲ್ಲಿ ಖಂಡಿತ ಇರುತ್ತಾರೆ. ನಿಮ್ಮ ಹುಟ್ಟುಹಬ್ಬವನ್ನು ಬಿಟ್ಟು ಅವರ ಹುಟ್ಟುಹಬ್ಬವನ್ನು ಮಾಡಿ.

ಕೊನೆಯದಾಗಿ ಉಡುಗೊರೆಯ ಮಿತಿಯ ಮಾತು. ಉಡುಗೊರೆ ಹಕ್ಕಿನ ಬದಲಿಯಾಗದು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯ್ದೆ 2007ರಲ್ಲಿ ಬಂದಿದೆ. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿ ಮಕ್ಕಳಿಂದ ಪೋಷಣೆ ಕೇಳಬಹುದು. ಹಿರಿಯರನ್ನು ನಡುನೀರಿನಲ್ಲಿ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಸೆರೆವಾಸ ಆಗಬಹುದು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ, ಆ ದಾನಪತ್ರವನ್ನೇ ರದ್ದು ಮಾಡಿಸಲು ಅವರಿಗೆ ಅವಕಾಶ ಇದೆ. ಹುಟ್ಟುಹಬ್ಬದ ದಿನ ಕೇಕಿನ ಜೊತೆ ಸಹಿಯ ಕಾಗದ ಯಾರೂ ಒಯ್ಯಬೇಡಿ. ಹಿರಿಯರಿಗೆ ತೊಂದರೆ ಆಗುತ್ತಿದ್ದರೆ ಸಹಾಯವಾಣಿಯ ಸಂಖ್ಯೆ 14567. ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ. ಒಂದು, ನಾಲ್ಕು, ಐದು, ಆರು, ಏಳು. ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಮಂಚದ ಬಳಿ ಹಚ್ಚಿಬರುವುದೂ ಪ್ರೀತಿಯೇ.

ಕೇಳುಗರೇ, ಹೇಳಿದ್ದನ್ನೆಲ್ಲ ಒಮ್ಮೆ ಒಟ್ಟು ಮಾಡುತ್ತೇನೆ. ಹುಟ್ಟಿದ ದಿನವನ್ನು ಅವರ ಬಾಯಿಂದಲೇ ಕೇಳಿ. ಬೇಕಾದದ್ದನ್ನು ಅವರೇ ಆರಿಸುವಂತೆ ಕೇಳಿ. ನಿತ್ಯ ಬಳಸುವ ಸಣ್ಣ ವಸ್ತುವನ್ನು ಒಯ್ಯಿರಿ. ತಿನಿಸನ್ನು ಅವರ ಕೈಯಿಂದಲೇ ಹಂಚಿಸಿ. ಅವರಿಂದ ಏನನ್ನಾದರೂ ಪಡೆದುಕೊಂಡು ಬನ್ನಿ.

ಮಹಾಗಾಂವದಿಂದ ಕಲಬುರಗಿಗೆ ಒಂದು ತಾಸು ಸಾಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನ ಪ್ರಯಾಣ ಉಚಿತವಾಗಿದೆ. ಊರಿನಲ್ಲಿರುವ ಅಕ್ಕತಂಗಿಯರೇ, ವಾರಗಿತ್ತಿಯರೇ, ಓಣಿಯ ಗೆಳತಿಯರೇ, ಆ ಬಸ್ಸು ಹತ್ತಿರಿ. ಪುಣೆ, ಹೈದರಾಬಾದಿನಲ್ಲಿರುವ ಮಕ್ಕಳೇ, ವಾರಕ್ಕೊಂದು ಹೊತ್ತು ಗೊತ್ತು ಮಾಡಿ ಅದೇ ಹೊತ್ತಿಗೆ ತಪ್ಪದೆ ಫೋನ್ ಹಚ್ಚಿರಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಉಡುಗೊರೆಗಿಂತ, ಬರುತ್ತೇನೆಂದ ದಿನ ತಪ್ಪದೆ ಬರುವ ಮಕ್ಕಳೇ ಹಿರಿಯರಿಗೆ ಬೇಕು. ಹುಟ್ಟುಹಬ್ಬ ದೂರ ಇದ್ದರೆ ಅದಕ್ಕಾಗಿ ಕಾಯಬೇಡಿ. ಈ ಭಾನುವಾರವೇ ಹೋಗಿ ಬನ್ನಿ.